ಪ್ಲೇಟ್‌ಲೆಟ್ 58 ಸಾವಿರ: ಒಂದು ಲಿವರ್ ಪ್ರಕರಣ

ಇದು ಮಲೆನಾಡಿನ ಒಬ್ಬ ಅಡಿಕೆ ಬೆಳೆಗಾರರ ಪ್ರಕರಣ. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಅವರನ್ನು ಕರೆದುಕೊಂಡು ಬಂದ ಅಣ್ಣನ ಮಗ 'ಚಿಕ್ಕಪ್ಪ' ಅನ್ನುತ್ತಿದ್ದ. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ನಾನು ತಾಲೂಕು ಊರಿನ ಫಿಸಿಷಿಯನ್, ಲಿವರ್ ತಜ್ಞನಲ್ಲ. ಇದನ್ನು ಮೊದಲೇ ಹೇಳಲು ಕಾರಣವಿದೆ. ಕಾಯಿಲೆ ಗೊತ್ತಾಗುವುದು ತಡವಾಗಿದ್ದರಲ್ಲಿ ನನ್ನ ಪಾಲೂ ಇದೆ.

ಜ್ವರದ ಸೀಮೆಯಲ್ಲಿ

ನಮ್ಮ ಕಡೆ ಪ್ಲೇಟ್‌ಲೆಟ್ ಅನ್ನುವ ಮಾತು ಕೇಳದ ಮನೆ ಇಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ಸಣ್ಣ ಚೂರು ಅದು, ಮಾಮೂಲಿಗೆ ಒಂದೂವರೆ ಲಕ್ಷದ ಮೇಲಿರಬೇಕು. ಮಳೆಗಾಲಕ್ಕೆ ಡೆಂಗಿ, ಇಲಿಜ್ವರ. ಡಿಸೆಂಬರ್ ಬಂದರೆ ಮಂಗನ ಕಾಯಿಲೆ, ಅದು ಮೇ ತನಕ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಅದು. ಉಣುಗು ಕಚ್ಚಿ ಬರುತ್ತದೆ. ಈ ಎಲ್ಲದರಲ್ಲೂ ಪ್ಲೇಟ್‌ಲೆಟ್ ಇಳಿಯಬಹುದು. ಜನ ಇದಕ್ಕೆ 'ಬಿಳಿ ರಕ್ತಕಣ ಕಮ್ಮಿ ಆಗಿದೆ' ಅನ್ನುತ್ತಾರೆ. ಬಿಳಿ ರಕ್ತಕಣ ಬೇರೆ, ಪ್ಲೇಟ್‌ಲೆಟ್ ಬೇರೆ ಅಂತ ಹೇಳಿ ಹೇಳಿ ಸಾಕಾಗಿ ಈಗ ಬಿಟ್ಟುಬಿಟ್ಟಿದ್ದೇನೆ. ಸಂಖ್ಯೆ ಇಳಿದ ಕೂಡಲೇ ಹಿತ್ತಲಿನ ಪಪ್ಪಾಯಿ ಮರದ ಎಲೆಗೆ ಕೈ ಹೋಗುತ್ತದೆ. ಏರಿದ ಕೂಡಲೇ ಎಲ್ಲರೂ ನಿರಾಳ.

ಚಿಕ್ಕಪ್ಪನಿಗೆ 54 ವರ್ಷ. ಮೂರು ಎಕರೆ ತೋಟ. ಕುಡಿತ ಇಲ್ಲ, ಬೀಡಿ ಇಲ್ಲ. ದಿನಕ್ಕೆ ಹತ್ತು ಹನ್ನೆರಡು ಕವಳ (ಎಲೆ ಅಡಿಕೆ), ಅದೊಂದೇ ಚಟ. ಅವರ ಅಣ್ಣ, ಅಂದರೆ ಈ ಹುಡುಗನ ಅಪ್ಪ, ಒಂಬತ್ತು ವರ್ಷದ ಹಿಂದೆ ಹೊಟ್ಟೆಗೆ ನೀರು ತುಂಬಿ ತೀರಿಕೊಂಡಿದ್ದರು. ಅವರು ಕುಡಿಯುತ್ತಿದ್ದರು. ಹಾಗಾಗಿ ಅದಕ್ಕೆ ಕಾರಣ ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ.

ಚಿಕ್ಕಪ್ಪ ನನ್ನ ಹತ್ತಿರ ಮೊದಲು ಬಂದದ್ದು ಫೆಬ್ರವರಿಯಲ್ಲಿ. ಮೂರು ದಿನದ ಜ್ವರ, ಮೈಕೈ ನೋವು. ತರಗೆಲೆ ತರಲು ಕಾಡಿಗೆ ಹೋಗಿದ್ದರು. ಪ್ಲೇಟ್‌ಲೆಟ್ 74,000. ಮಂಗನ ಕಾಯಿಲೆ ಇರಬಹುದು ಅಂತ ರಕ್ತದ ಸ್ಯಾಂಪಲ್ಲನ್ನು ಶಿವಮೊಗ್ಗಕ್ಕೆ ಕಳಿಸಿದೆವು. ನೆಗೆಟಿವ್ ಬಂತು. ಜ್ವರವೂ ಬಿಟ್ಟಿತು. 'ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಪ್ಲೇಟ್‌ಲೆಟ್ ನೋಡಿಸಿ' ಅಂತ ಬಾಯಲ್ಲಿ ಹೇಳಿದೆ. ಚೀಟಿಯಲ್ಲಿ ಬರೆಯಲಿಲ್ಲ. ಅವರು ಬರಲಿಲ್ಲ, ನಾನು ಮರೆತೆ.

ಜುಲೈನಲ್ಲಿ ಮತ್ತೆ ಜ್ವರ. ಈ ಸಲ ಬೇರೆ ಊರಿನ ಒಂದು ನರ್ಸಿಂಗ್ ಹೋಮ್‌ಗೆ ಸೇರಿಸಿದ್ದರು. ಡೆಂಗಿ ಪರೀಕ್ಷೆ ಎರಡೂ ನೆಗೆಟಿವ್. ಪ್ಲೇಟ್‌ಲೆಟ್ 62,000 ಅಂತ 4 ಯೂನಿಟ್ ಪ್ಲೇಟ್‌ಲೆಟ್ ಕೊಟ್ಟರು. ಮರುದಿನ 71,000. ಎರಡು ದಿನ ಬಿಟ್ಟು 60,000. ಜ್ವರ ಇಳಿದಿತ್ತು, ಮನೆಗೆ ಕಳಿಸಿದರು. ಒಂದು ಯೂನಿಟ್ ಕೊಟ್ಟರೆ ದೊಡ್ಡವರಲ್ಲಿ ಸುಮಾರು 5ರಿಂದ 10 ಸಾವಿರ ಏರಬೇಕು. ನಾಲ್ಕಕ್ಕೆ ಇಪ್ಪತ್ತರಿಂದ ನಲವತ್ತು ಸಾವಿರ. ಇವರಿಗೆ ಏರಿದ್ದು ಒಂಬತ್ತು, ಅದೂ ನಿಲ್ಲಲಿಲ್ಲ. ಉಳಿದದ್ದು ಎಲ್ಲಿಗೆ ಹೋಯಿತು ಅಂತ ಆಗ ಯಾರೂ ಕೇಳಲಿಲ್ಲ.

ಹಲ್ಲು ಕೀಳಿಸಲು ಬಂದವರು

ಅಕ್ಟೋಬರ್‌ನಲ್ಲಿ ಚಿಕ್ಕಪ್ಪನಿಗೆ ದವಡೆ ಹಲ್ಲು ನೋವು. ಹಲ್ಲಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. 58,000. 'ಒಂದು ಲಕ್ಷ ಆದಮೇಲೆ ಬನ್ನಿ' ಅಂದರು. ಬೆಂಗಳೂರಿನಿಂದ ರಜೆಗೆ ಬಂದಿದ್ದ ಅಣ್ಣನ ಮಗ ಅವರನ್ನು ನನ್ನ ಹತ್ತಿರ ಕರೆತಂದ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್. ಮನೆಯಲ್ಲಿ ಸಿಕ್ಕ ಹಳೇ ರಿಪೋರ್ಟೆಲ್ಲ ಅದರಲ್ಲಿ ತುಂಬಿಕೊಂಡು ಬಂದಿದ್ದ.

ಈ ಪ್ರಕರಣ ತಿರುಗಿದ್ದು ಆ ಕವರಿನಿಂದ. ಚೀಟಿಗಳನ್ನು ತಾರೀಖಿನ ಪ್ರಕಾರ ಮೇಜಿನ ಮೇಲೆ ಹರಡಿದೆವು. ಒಂದೆರಡಕ್ಕೆ ಅಡಿಕೆ ಚೊಗರಿನ ಕಲೆ ಹತ್ತಿತ್ತು. ಐದು ವರ್ಷದ ಹಿಂದೆ ಸಕ್ಕರೆ ಕಾಯಿಲೆ ತಪಾಸಣೆ ಶಿಬಿರದಲ್ಲಿ 1,18,000. ಆಮೇಲೆ 96,000. ಆಮೇಲೆ ನನ್ನ 74,000. ನಂತರ 62, 60, ಈಗ 58. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಬಾವಿಗೆ ಬಿದ್ದ ಕೊಡದ ಹಾಗೆ ಧಡಕ್ಕನೆ ಇಳಿದು ಒಂದೆರಡು ವಾರದಲ್ಲಿ ಮೇಲೆ ಬರುತ್ತದೆ. ಇದು ಹಾಗಿರಲಿಲ್ಲ. ಮೆಟ್ಟಿಲು ಇಳಿದ ಹಾಗೆ ವರ್ಷ ವರ್ಷ ಇಳಿದಿತ್ತು. ಪ್ರತಿ ಚೀಟಿಯನ್ನೂ ಬೇರೆ ಬೇರೆ ಡಾಕ್ಟರು, ಬೇರೆ ಬೇರೆ ಜ್ವರದಲ್ಲಿ ನೋಡಿದ್ದರು. ಎಲ್ಲವನ್ನೂ ಒಟ್ಟಿಗೆ ನೋಡಿದ್ದು ಅವತ್ತೇ ಮೊದಲು.

ಮಂಚದ ಮೇಲೆ ಮಲಗಿಸಿ ಹೊಟ್ಟೆ ಮುಟ್ಟಿದೆ. ಎಡ ಪಕ್ಕೆಲುಬಿನ ಕೆಳಗೆ ನಾಲ್ಕು ಬೆರಳು ಅಗಲದಷ್ಟು ಗುಲ್ಮ (ಸ್ಪ್ಲೀನ್) ಕೈಗೆ ಸಿಕ್ಕಿತು. ಸಾಮಾನ್ಯವಾಗಿ ಅದು ಕೈಗೆ ಸಿಗುವುದೇ ಇಲ್ಲ. ಫೆಬ್ರವರಿಯಲ್ಲೂ ಅದು ಅಲ್ಲೇ ಇದ್ದಿರಬೇಕು. ಆವತ್ತು ನಾನು ಅವರನ್ನು ಸ್ಟೂಲ್ ಮೇಲೆ ಕೂರಿಸಿಯೇ ನೋಡಿ ಕಳಿಸಿದ್ದೆ. ಒಸಡಿನಲ್ಲಿ ರಕ್ತ ಬರುತ್ತಾ ಅಂತ ಕೇಳಿದೆ. 'ಎಂತ ಡಾಕ್ಟ್ರೇ, ಕವಳ ಹಾಕೋರ ಬಾಯಲ್ಲಿ ರಕ್ತ ಯಾವುದು, ರಸ ಯಾವುದು ಅಂತ ಹೆಂಗೆ ಗೊತ್ತಾಗ್ತದೆ?' ಅಂದರು. ಸರಿಯಾದ ಮಾತು. ಆಮೇಲಿಂದ ಕವಳ ಹಾಕುವವರಿಗೆ ನಾನು ಆ ಪ್ರಶ್ನೆ ಕೇಳುವುದಿಲ್ಲ. ಬೆಳಿಗ್ಗೆ ಎದ್ದಾಗ ತಲೆದಿಂಬಿನ ಮೇಲೆ ಕಲೆ ಇರುತ್ತಾ ಅಂತ ಕೇಳುತ್ತೇನೆ.

ಸ್ಕ್ಯಾನಿಂಗ್‌ನಲ್ಲಿ ಗುಲ್ಮ 16.5 ಸೆಂ.ಮೀ. ಉದ್ದ, 12ರ ಒಳಗಿರಬೇಕಿತ್ತು. ಲಿವರ್ ಮೇಲ್ಮೈ ಉಬ್ಬುತಗ್ಗು. ರಕ್ತದಲ್ಲಿ ಲಿವರ್ ಗಾಯ ತೋರಿಸುವ ಎಸ್‌ಜಿಒಟಿ 68, ಎಸ್‌ಜಿಪಿಟಿ 52, ಲಿವರ್ ತಯಾರಿಸುವ ಪ್ರೋಟೀನ್ ಆಲ್ಬುಮಿನ್ 3.3, ಕಾಮಾಲೆ ತೋರಿಸುವ ಬಿಲಿರುಬಿನ್ 1.6. ಇಲ್ಲಿ ಒಂದು ಸುಲಭದ ಲೆಕ್ಕ ಇದೆ, ಫಿಬ್-4 ಅಂತ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ, ಬಂದದ್ದನ್ನು ಪ್ಲೇಟ್‌ಲೆಟ್ (ಸಾವಿರಗಳಲ್ಲಿ) ಮತ್ತು ಎಸ್‌ಜಿಪಿಟಿಯ ವರ್ಗಮೂಲದ ಗುಣಲಬ್ಧದಿಂದ ಭಾಗಿಸಬೇಕು. 1.3ರ ಒಳಗಿದ್ದರೆ ಲಿವರ್ ಕಲೆ ಕಟ್ಟಿ ಗಟ್ಟಿಯಾಗಿರುವ ಸಂಭವ ಕಡಿಮೆ. 3.25 ದಾಟಿದರೆ ಜಾಸ್ತಿ. ಇವರದ್ದು 8.8. ಯಾವ ಹೊಸ ಯಂತ್ರವೂ ಬೇಕಿರಲಿಲ್ಲ, ಮೊಬೈಲಿನ ಕ್ಯಾಲ್ಕುಲೇಟರ್ ಸಾಕಿತ್ತು. ಆಮೇಲೆ ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಫೈಬ್ರೋಸ್ಕ್ಯಾನ್ ಯಂತ್ರ ಇರುವ ಕಡೆ ಕಳಿಸಿ ನೋಡಿಸಿದಾಗ 24 ಕಿಲೋಪ್ಯಾಸ್ಕಲ್ ಬಂತು. ಸಿರೋಸಿಸ್, ಅಂದರೆ ಲಿವರ್ ತುಂಬ ಕಲೆ ಕಟ್ಟಿ ಗಟ್ಟಿಯಾಗಿತ್ತು.

'ಕುಡಿಯದವರಿಗೆ ಲಿವರ್ ಹೆಂಗೆ ಹೋಗ್ತದೆ?' ಚಿಕ್ಕಪ್ಪನ ಹೆಂಡತಿ ಕೇಳಿದ ಮೊದಲ ಪ್ರಶ್ನೆ ಇದು. ಉತ್ತರ ಎರಡು ದಿನಕ್ಕೆ ಬಂತು. ಹೆಪಟೈಟಿಸ್ ಬಿ ಪಾಸಿಟಿವ್. ರಕ್ತದಲ್ಲಿ ವೈರಸ್ ಲಕ್ಷಗಳ ಲೆಕ್ಕದಲ್ಲಿತ್ತು. ಇವರ ಮಟ್ಟಿಗೆ ಅದು ಹೆಚ್ಚಾಗಿ ಹುಟ್ಟುವಾಗಲೇ ತಾಯಿಯಿಂದ ಬಂದಿರಬೇಕು. ಮನೆಯಲ್ಲೇ ಹೆರಿಗೆ, ಲಸಿಕೆ ಇಲ್ಲದ ಕಾಲ. ಐವತ್ತು ವರ್ಷ ಸದ್ದಿಲ್ಲದೆ ಕೂತಿತ್ತು.

ಪ್ಲೇಟ್‌ಲೆಟ್ ಯಾಕೆ ಇಳಿಯಿತು

ಕರುಳಿನಿಂದ, ಗುಲ್ಮದಿಂದ ಬರುವ ರಕ್ತ ಲಿವರ್ ಮೂಲಕವೇ ಹಾದು ಹೋಗಬೇಕು. ಲಿವರ್ ಒಳಗೆ ಕಲೆಗಟ್ಟಿ ಗಟ್ಟಿಯಾದರೆ ಆ ದಾರಿ ಇಕ್ಕಟ್ಟಾಗುತ್ತದೆ. ಒತ್ತಡ ಹಿಂದಕ್ಕೆ ತಿರುಗಿ ಗುಲ್ಮ ಊದಿಕೊಳ್ಳುತ್ತದೆ. ನಾನು ಇಷ್ಟು ಹೇಳುವಷ್ಟರಲ್ಲಿ ಚಿಕ್ಕಪ್ಪ, 'ಅಂದ್ರೆ ಬಸಿಗಾಲುವೆ ಕಟ್ಟಿಕೊಂಡಿದೆ ಅನ್ನಿ. ಮೇಲಿನ ತೋಟದಲ್ಲಿ ನೀರು ನಿಂತಿದೆ' ಅಂದರು. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ. ಮಾಮೂಲಿ ಸಮಯದಲ್ಲೂ ಮೈಯ ಪ್ಲೇಟ್‌ಲೆಟ್‌ಗಳಲ್ಲಿ ಸುಮಾರು ಮೂರನೇ ಒಂದು ಪಾಲು ಗುಲ್ಮದಲ್ಲೇ ಇರುತ್ತದೆ. ಅದು ಊದಿದರೆ ಇನ್ನೂ ಎಷ್ಟೋ ಪಾಲು ಒಳಗೇ ಉಳಿದುಬಿಡುತ್ತದೆ. ಜುಲೈನಲ್ಲಿ ಹಾಕಿದ 4 ಯೂನಿಟ್‌ನಲ್ಲಿ ಬಹುಪಾಲು ಹೋಗಿದ್ದು ಅಲ್ಲಿಗೇ. ಇನ್ನೊಂದು ಕಾರಣ, ಮಜ್ಜೆಗೆ 'ಪ್ಲೇಟ್‌ಲೆಟ್ ಮಾಡು' ಅಂತ ಹೇಳುವ ಥ್ರಾಂಬೋಪೊಯೆಟಿನ್ ಹೆಚ್ಚಾಗಿ ತಯಾರಾಗುವುದು ಲಿವರ್‌ನಲ್ಲಿ. ಲಿವರ್ ಸೋತರೆ ಆ ಆಜ್ಞೆಯೂ ಮೆತ್ತಗಾಗುತ್ತದೆ.

ಹುಡುಗನ ಎರಡು ಪ್ರಸ್ತಾಪ

ಹುಡುಗ ಚುರುಕು. ಅಪ್ಪನನ್ನು ಕಳೆದುಕೊಂಡವನು ಬೇರೆ. ಒಂದು ವಾರ ರಾತ್ರಿಯೆಲ್ಲ ಓದಿ ಬಂದ. 'ಸರ್, ಪ್ಲೇಟ್‌ಲೆಟ್ ಕೊಟ್ರೆ ಲಿವರ್ ಕಲೆ ಕರಗುತ್ತಂತೆ. ಜಪಾನ್‌ನಲ್ಲಿ ಮಾಡಿದ್ದಾರೆ. ನಾವು ದಾನಿಗಳನ್ನ ರೆಡಿ ಮಾಡ್ತೀವಿ.'

ಅವನು ಹೇಳಿದ್ದು ಸುಳ್ಳಲ್ಲ. ಪ್ಲೇಟ್‌ಲೆಟ್ ಅಂದರೆ ಬರೀ ರಕ್ತ ಹೆಪ್ಪುಗಟ್ಟಿಸುವ ಚೂರಲ್ಲ, ಅದರ ಹೊಟ್ಟೆಯೊಳಗೆ ಹತ್ತಾರು ರಾಸಾಯನಿಕಗಳ ಪೊಟ್ಟಣ ಇರುತ್ತವೆ. ಇಲಿಗಳ ಲಿವರ್ ಒಂದಿಷ್ಟು ಕತ್ತರಿಸಿ ತೆಗೆದರೆ ಅದು ಮತ್ತೆ ಬೆಳೆಯಲು ಪ್ಲೇಟ್‌ಲೆಟ್ ಹೊತ್ತು ತರುವ ಸೆರೊಟೊನಿನ್ ಬೇಕು ಅಂತ 2006ರಲ್ಲಿ ತೋರಿಸಿದ್ದರು. ಪ್ಲೇಟ್‌ಲೆಟ್‌ನಿಂದ ಹೊರಬರುವ ಅಡಿನೋಸಿನ್ ಲಿವರ್‌ನಲ್ಲಿ ಕಲೆ ಕಟ್ಟುವ ಜೀವಕೋಶಗಳನ್ನು ಸುಮ್ಮನಾಗಿಸುತ್ತದೆ ಅಂತಲೂ ಪ್ರಯೋಗಗಳಿವೆ. ಹುಡುಗ ಓದಿದ ಜಪಾನಿನ ಅಧ್ಯಯನ 2013ರದ್ದು. ವಾರಕ್ಕೊಮ್ಮೆ 10 ಯೂನಿಟ್ ಪ್ಲೇಟ್‌ಲೆಟ್, 12 ವಾರ. ಆಮೇಲೆ ಆಲ್ಬುಮಿನ್ ಸ್ವಲ್ಪ ಏರಿತು.

ಆದರೆ ಅದರಲ್ಲಿ ಇದ್ದದ್ದು ಹತ್ತೇ ಜನ. ಒಬ್ಬರು ತುರಿಕೆ ಶುರುವಾಗಿ ಮಧ್ಯದಲ್ಲೇ ನಿಲ್ಲಿಸಿದರು. ಇನ್ನಿಬ್ಬರಿಗೆ ಕೊಟ್ಟ ಪ್ಲೇಟ್‌ಲೆಟ್ ಮೈಗೆ ಹಿಡಿಯುವುದೇ ನಿಂತುಹೋಯಿತು. ಪರರ ಪ್ಲೇಟ್‌ಲೆಟ್ ಮತ್ತೆ ಮತ್ತೆ ಹಾಕಿದರೆ ದೇಹ ಅದರ ವಿರುದ್ಧ ಪ್ರತಿಕಾಯ ಬೆಳೆಸಿಕೊಳ್ಳುವುದುಂಟು. ಮುಂದೆ ನಿಜವಾಗಿ ರಕ್ತಸ್ರಾವ ಆದ ದಿನ ಕೊಟ್ಟರೂ ಉಪಯೋಗ ಆಗದೆ ಹೋಗಬಹುದು. ನನಗೆ ಎಲ್ಲಕ್ಕಿಂತ ಹೆದರಿಕೆ ಆಗಿದ್ದು ಅದಕ್ಕೇ. ನಮ್ಮ ಊರಿನಿಂದ ಬ್ಲಡ್ ಬ್ಯಾಂಕ್‌ಗೆ ಎರಡು ಗಂಟೆ ದಾರಿ. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವ ವಸ್ತುವೂ ಅಲ್ಲ. ಇಲ್ಲಿ ಅದನ್ನು ಖರ್ಚು ಮಾಡುವಾಗ ಮಂಗನ ಕಾಯಿಲೆಯಲ್ಲಿ ಮೂಗಿನಿಂದ ರಕ್ತ ಸುರಿಯುತ್ತಾ ಬರುವ ಕೂಲಿ ಹೆಂಗಸನ್ನೂ ನೆನಪಿನಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ.

'ಬೇಡ' ಅಂದೆ. ಹುಡುಗನಿಗೆ ಸಮಾಧಾನ ಆಗಲಿಲ್ಲ.

ನಾಲ್ಕು ದಿನ ಬಿಟ್ಟು ತದ್ವಿರುದ್ಧ ಪ್ರಸ್ತಾಪ ತಂದ. 'ಹಾಗಾದ್ರೆ ಆಸ್ಪಿರಿನ್ ಕೊಡೋಣ್ವಾ? ಪ್ಲೇಟ್‌ಲೆಟ್ಟೇ ಕಲೆ ಕಟ್ಟಿಸೋದು ಅಂತಾನೂ ಇದೆ.' ಆಸ್ಪಿರಿನ್ ಪ್ಲೇಟ್‌ಲೆಟ್ ಕೆಲಸವನ್ನು ತಗ್ಗಿಸುವ ಮಾತ್ರೆ. ನಗು ಬಂತು. ಆದರೆ ಇದೂ ಸುಳ್ಳಲ್ಲ! ಅದೇ ಪ್ಲೇಟ್‌ಲೆಟ್ ಪೊಟ್ಟಣದಲ್ಲಿ ಪಿಡಿಜಿಎಫ್, ಟಿಜಿಎಫ್-ಬೀಟಾ ಅನ್ನುವವೂ ಇವೆ. ಅವು ಕಲೆ ಕಟ್ಟುವ ಕೋಶಗಳನ್ನು ಎಬ್ಬಿಸುತ್ತವೆ. ಸ್ವೀಡನ್‌ನಲ್ಲಿ ಹೆಪಟೈಟಿಸ್ ಬಿ, ಸಿ ಇದ್ದ ಸುಮಾರು 50 ಸಾವಿರ ಜನರ ದಾಖಲೆ ನೋಡಿ 2020ರಲ್ಲಿ ಪ್ರಕಟಿಸಿದ್ದರು. ಕಡಿಮೆ ಡೋಸ್ ಆಸ್ಪಿರಿನ್ ತೆಗೆದುಕೊಂಡವರಲ್ಲಿ ಹತ್ತು ವರ್ಷದಲ್ಲಿ ಲಿವರ್ ಕ್ಯಾನ್ಸರ್ 4 ಪರ್ಸೆಂಟ್, ತೆಗೆದುಕೊಳ್ಳದವರಲ್ಲಿ 8.3 ಪರ್ಸೆಂಟ್. ಇದು ದಾಖಲೆ ನೋಡಿ ಹೇಳಿದ್ದು, ಮಾತ್ರೆ ಕೊಟ್ಟು ಹೋಲಿಸಿ ನೋಡಿದ್ದಲ್ಲ. ಅದಕ್ಕಿಂತ ಮುಖ್ಯವಾಗಿ, ಅಷ್ಟರಲ್ಲಿ ಚಿಕ್ಕಪ್ಪನ ಎಂಡೋಸ್ಕೋಪಿ ಆಗಿತ್ತು. ಅನ್ನನಾಳದಲ್ಲಿ ದೊಡ್ಡ ದೊಡ್ಡ ಉಬ್ಬಿದ ರಕ್ತನಾಳ ಕಂಡಿದ್ದವು. ಪ್ಲೇಟ್‌ಲೆಟ್ 58 ಸಾವಿರ ಇರುವ, ಯಾವಾಗ ಬೇಕಾದರೂ ನಾಳ ಒಡೆಯಬಹುದಾದ ಮನುಷ್ಯನಿಗೆ ಆಸ್ಪಿರಿನ್ ಕೊಡುವ ಧೈರ್ಯ ನನಗಿಲ್ಲ.

ಒಂದೇ ಚೂರು ಗಾಯ ಮಾಯಿಸುವ ಕೆಲಸವನ್ನೂ ಮಾಡುತ್ತದೆ, ಕಲೆ ಉಳಿಸುವ ಕೆಲಸವನ್ನೂ ಮಾಡುತ್ತದೆ. ಯಾವ ಹಂತದಲ್ಲಿ, ಯಾರ ಲಿವರ್‌ನಲ್ಲಿ ಯಾವುದು ಮೇಲಾಗುತ್ತದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಪ್ಲೇಟ್‌ಲೆಟ್ ಏರಿಸುವ ಮಾತ್ರೆಗಳ ವಿಷಯವೂ ಹುಡುಗ ಎತ್ತಿದ್ದ. ಸಿರೋಸಿಸ್ ಇದ್ದವರಿಗೆ ಶಸ್ತ್ರಚಿಕಿತ್ಸೆಯಂಥದ್ದಕ್ಕೆ ಮುಂಚೆ ಇಂಥ ಒಂದು ಮಾತ್ರೆ, ಎಲ್ಟ್ರೊಂಬೊಪ್ಯಾಗ್, ಕೊಟ್ಟು ನೋಡಿದ ಒಂದು ದೊಡ್ಡ ಪ್ರಯೋಗವನ್ನು ಲಿವರ್‌ಗೆ ಹೋಗುವ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರಿಂದ ನಿಲ್ಲಿಸಬೇಕಾಯಿತು. 2012ರಲ್ಲಿ ಅದು ಪ್ರಕಟವಾಯಿತು. ಸಿರೋಸಿಸ್‌ನಲ್ಲಿ ರಕ್ತ ಸುಮ್ನೆ ತೆಳುವಾಗಿರುವುದಿಲ್ಲ. ಹೆಪ್ಪುಗಟ್ಟಿಸುವ ಅಂಶಗಳ ಜೊತೆಗೆ ಅದನ್ನು ತಡೆಯುವ ಅಂಶಗಳೂ ಕಡಿಮೆಯಾಗಿ ತಕ್ಕಡಿ ಹೇಗೋ ಸಮ ನಿಂತಿರುತ್ತದೆ. ಸಂಖ್ಯೆ ಚೆನ್ನಾಗಿ ಕಾಣಲಿ ಅಂತ ಒಂದು ತಟ್ಟೆಗೆ ಕೈ ಹಾಕಿದರೆ ಇನ್ನೊಂದು ಕಡೆ ವಾಲಬಹುದು.

ಮಾಡಿದ್ದು

ಹಲ್ಲು ಕಿತ್ತಿದ್ದು 58 ಸಾವಿರದಲ್ಲೇ, ಪ್ಲೇಟ್‌ಲೆಟ್ ಕೊಡದೆ. ಹಲ್ಲಿನ ಡಾಕ್ಟರಿಗೆ ನಾನೇ ಫೋನ್ ಮಾಡಿ ಮಾತಾಡಿದೆ. ಒಂದು ಹೊಲಿಗೆ, ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್ ಹಾಕಿದ ನೀರಿನಲ್ಲಿ ಬಾಯಿ ಮುಕ್ಕಳಿಸುವುದು, ಹತ್ತಿ ಕಚ್ಚಿ ಹಿಡಿದು ಒಂದು ಗಂಟೆ ಕೂರುವುದು. ರಕ್ತ ನಿಂತಿತು. ಹತ್ತು ದಿನ ಕವಳ ಬಂದ್ ಮಾಡಿಸಿದ್ದೆ. ಚಿಕ್ಕಪ್ಪನಿಗೆ ಇಡೀ ಚಿಕಿತ್ಸೆಯಲ್ಲಿ ತೀರಾ ಕಷ್ಟವಾಗಿದ್ದು ಅದೇ.

ಉಬ್ಬಿದ ನಾಳಗಳಿಗೆ ಶಿವಮೊಗ್ಗದ ತಜ್ಞರು ಮೊದಲು ಒತ್ತಡ ಇಳಿಸುವ ಕಾರ್ವೆಡಿಲಾಲ್ ಮಾತ್ರೆ ಶುರು ಮಾಡಿದರು. ಬಿಪಿ 90ಕ್ಕೆ ಇಳಿದು ತೋಟದ ಏರು ಹತ್ತುವಾಗ ತಲೆ ತಿರುಗಿತು. ಹಾಗಾಗಿ ಅದನ್ನು ಬಿಟ್ಟು ಎಂಡೋಸ್ಕೋಪಿಯಲ್ಲಿ ನಾಳಗಳಿಗೆ ರಬ್ಬರ್ ಬ್ಯಾಂಡ್ ಹಾಕಿಸಿದೆವು. ಮೂರು ಸಲ. ಆಗಲೂ ಪ್ಲೇಟ್‌ಲೆಟ್ ಕೊಡಲಿಲ್ಲ. ಆ ನಾಳ ಒಡೆಯುವುದು ಒತ್ತಡಕ್ಕೆ. ಮೇಲಿಂದ ಚೀಲಗಟ್ಟಲೆ ಏರಿಸಿದರೆ ಒತ್ತಡ ಇನ್ನೂ ಜಾಸ್ತಿ ಆಗಬಹುದು.

ನಿಜವಾದ ಔಷಧಿ, ವೈರಸ್ಸನ್ನು ಅಡಗಿಸುವ ಟೆನೊಫೊವಿರ್. ದಿನಕ್ಕೊಂದು ಮಾತ್ರೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಉಚಿತವಾಗಿ ಸಿಗುತ್ತದೆ. ಹುಡುಗನಿಗೆ ನಾನು ತೋರಿಸಿದ ಅಧ್ಯಯನ ಇದರದ್ದು, 2013ರದ್ದು. ಐದು ವರ್ಷ ಟೆನೊಫೊವಿರ್ ತೆಗೆದುಕೊಂಡವರ ಲಿವರ್ ಚೂರನ್ನು ಮತ್ತೆ ತೆಗೆದು ನೋಡಿದ್ದರು. ಮೊದಲು ಸಿರೋಸಿಸ್ ಇದ್ದ 96 ಜನರಲ್ಲಿ 71 ಜನರಿಗೆ ಅದು ಉಳಿದಿರಲಿಲ್ಲ. ಕಲೆ ಕರಗುತ್ತದೆ, ಆದರೆ ಗಾಯ ಮಾಡುತ್ತಿರುವುದನ್ನು ನಿಲ್ಲಿಸಿದರೆ. ಹುಡುಗ ಆ ಪುಟದ ಫೋಟೋ ತೆಗೆದುಕೊಂಡ.

ಕೊಯ್ಲಿನ ಸಮಯ

ಇಲ್ಲಿ ನಾನು ಇನ್ನೊಂದು ತಪ್ಪು ಮಾಡಿದೆ. ಮೂರು ತಿಂಗಳಿಗೊಮ್ಮೆ ಬಂದಾಗ ಕಾರ್ಡಿನಲ್ಲಿ ರಿಪೋರ್ಟ್ ಬರೆದು ಕೊಡುತ್ತಿದ್ದೆ. ಅಭ್ಯಾಸಬಲ, ಮೊದಲ ಸಾಲು ಪ್ಲೇಟ್‌ಲೆಟ್. ಹದಿನಾಲ್ಕು ತಿಂಗಳಿಗೆ ವೈರಸ್ ರಕ್ತದಲ್ಲಿ ಸಿಗದಷ್ಟು ಇಳಿದಿತ್ತು. ಆಲ್ಬುಮಿನ್ 3.8. ನನಗೆ ಖುಷಿಯೋ ಖುಷಿ. ಚಿಕ್ಕಪ್ಪ ನೋಡಿದ್ದು ಮೊದಲ ಸಾಲು ಮಾತ್ರ: 61,000.

ಡಿಸೆಂಬರ್ ಕೊಯ್ಲು ಬಂತು. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗಾರ ಸಿಗುವುದೇ ಕಷ್ಟ. ಸುಲಿಯುವುದು, ಬೇಯಿಸುವುದು, ಒಣಗಿಸುವುದು ಅಂತ ಮನೆಯವರೆಲ್ಲ ಅಂಗಳದಲ್ಲೇ. ಮಾತ್ರೆ ಮುಗಿದಾಗ ತರಲು ಹೋಗಲಿಲ್ಲ. 'ವರ್ಷ ತಿಂದೆ. 58 ಇದ್ದಿದ್ದು 61 ಆತು. ಇಷ್ಟಕ್ಕೆ ಎಂತಕ್ಕೆ ದಿನಾ ಮಾತ್ರೆ ಅಂತ ಬಿಟ್ಟೆ.' ಆಮೇಲೆ ಹೇಳಿದ ಮಾತಿದು. ಆರು ವಾರಕ್ಕೆ ಮೂತ್ರ ಹಳದಿ, ಊಟ ಬೇಡ. ಎಸ್‌ಜಿಪಿಟಿ 340. ಬಿಲಿರುಬಿನ್ 3.1. ವೈರಸ್ ತಿರುಗಿ ಎದ್ದಿತ್ತು. ಸಿರೋಸಿಸ್ ಇದ್ದವರಲ್ಲಿ ಹೀಗಾದರೆ ಲಿವರ್ ಪೂರ್ತಿ ಕೈಕೊಡಬಹುದು. ಆರು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಮಾತ್ರೆ ಮತ್ತೆ ಶುರು ಮಾಡಿದೆವು. ಸುಧಾರಿಸಲು ಎರಡು ತಿಂಗಳು ಹಿಡಿಯಿತು. ಅದೃಷ್ಟ ಚೆನ್ನಾಗಿತ್ತು ಅನ್ನಬೇಕು, ಬೇರೆ ಪದ ಇಲ್ಲ.

ಅವತ್ತಿನಿಂದ ಕಾರ್ಡ್ ಬದಲಾಯಿತು. ಮೊದಲ ಸಾಲು ವೈರಸ್. ಎರಡನೆಯದು ಆಲ್ಬುಮಿನ್. ಮೂರನೆಯದು ಆರು ತಿಂಗಳಿಗೊಮ್ಮೆ ಕ್ಯಾನ್ಸರ್ ಗಂಟು ನೋಡಲು ಮಾಡುವ ಸ್ಕ್ಯಾನಿಂಗ್ ತಾರೀಖು. ಪ್ಲೇಟ್‌ಲೆಟ್ ಕೊನೆಗೆ. ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ, 'ಇವರ ಮಾಮೂಲಿ ಪ್ಲೇಟ್‌ಲೆಟ್ 60 ಸಾವಿರದ ಆಸುಪಾಸು. ರಕ್ತಸ್ರಾವ ಇಲ್ಲದೆ ಪ್ಲೇಟ್‌ಲೆಟ್ ಹಾಕುವ ಮುಂಚೆ ಫೋನ್ ಮಾಡಿ' ಅಂತ ಬರೆದು ನನ್ನ ನಂಬರ್ ಹಾಕಿದೆ. ಮುಂದಿನ ಮಳೆಗಾಲದಲ್ಲಿ ಜ್ವರ ಬಂದಾಗ ಒಂದು ರಾತ್ರಿ ಹನ್ನೊಂದಕ್ಕೆ ಆ ಫೋನ್ ಬಂತು. ಚೀಲ ಏರಿಸಲಿಲ್ಲ.

ಈಗ ನಾಲ್ಕು ವರ್ಷ ದಾಟಿದೆ. ಫೈಬ್ರೋಸ್ಕ್ಯಾನ್ 24ರಿಂದ 13.5ಕ್ಕೆ ಬಂದಿದೆ. ಆಲ್ಬುಮಿನ್ 4.1. ಗುಲ್ಮ 15 ಸೆಂ.ಮೀ. ಪ್ಲೇಟ್‌ಲೆಟ್ 84,000. ಲಿವರ್ ಮೆತ್ತಗಾದಷ್ಟು ಬೇಗ ಗುಲ್ಮ ಕುಗ್ಗುವುದಿಲ್ಲ. ಆ ಸಂಖ್ಯೆ ಒಂದೂವರೆ ಲಕ್ಷಕ್ಕೆ ಹೋಗದೆಯೂ ಇರಬಹುದು. ಚಿಕ್ಕಪ್ಪ ಈಗಲೂ ಕುರ್ಚಿಯಲ್ಲಿ ಕೂರುವ ಮುಂಚೆ 'ಎಷ್ಟು ಬಂತು?' ಅಂತ ಕೇಳುತ್ತಾರೆ. ನಾನು ಕಾರ್ಡನ್ನು ಮೇಲಿನಿಂದ ಓದುತ್ತಾ ಹೋಗುತ್ತೇನೆ.

ಮನೆಯ ಉಳಿದವರು

ಹೆಪಟೈಟಿಸ್ ಬಿ ಗೊತ್ತಾದ ವಾರವೇ ಮನೆಯವರ ರಕ್ತವನ್ನೆಲ್ಲ ನೋಡಿಸಿದ್ದೆವು. ಹೆಂಡತಿ, ಇಬ್ಬರು ಮಕ್ಕಳು, ಅಣ್ಣನ ಮಗ ಎಲ್ಲರದ್ದೂ ನೆಗೆಟಿವ್. ಮೂರು ಡೋಸ್ ಲಸಿಕೆ ಹಾಕಿದೆವು. ಸಾಗರದ ಕಡೆ ಮದುವೆಯಾಗಿ ಹೋದ ಚಿಕ್ಕಪ್ಪನ ತಂಗಿ ಪಾಸಿಟಿವ್. ಆಕೆಯ ಪ್ಲೇಟ್‌ಲೆಟ್ 2,14,000, ಲಿವರ್ ಮೆತ್ತಗಿದೆ, ವೈರಸ್ ತೀರಾ ಕಡಿಮೆ. ಮಾತ್ರೆ ಇನ್ನೂ ಬೇಕಾಗಿಲ್ಲ, ಆರು ತಿಂಗಳಿಗೊಮ್ಮೆ ಬಂದು ತೋರಿಸಿ ಹೋಗುತ್ತಾರೆ.

ತಂಗಿಯ ರಿಪೋರ್ಟ್ ಬಂದ ದಿನ ಹುಡುಗ ತುಂಬಾ ಹೊತ್ತು ಸುಮ್ಮನೆ ಕೂತಿದ್ದ. 'ಹಾಗಾದ್ರೆ ಅಪ್ಪಂಗೂ ಇದೇ ಇತ್ತಾ ಸರ್? ಊರಲ್ಲೆಲ್ಲ ಕುಡಿದು ಸತ್ತ ಅಂತಾರೆ.' ಇರಬಹುದು, ಎರಡೂ ಸೇರಿರಬಹುದು, ಈಗ ಹೇಳಲು ಬರುವುದಿಲ್ಲ ಅಂದೆ. ಮುಂದಿನ ಸಲ ಬಂದಾಗ ಅಟ್ಟದ ಮೇಲಿನ ಟ್ರಂಕಿನಿಂದ ಅಪ್ಪನ ಒಂದು ಹಳೇ ಲ್ಯಾಬ್ ಚೀಟಿ ತಂದಿದ್ದ. ಅಂಚು ಗೆದ್ದಲು ತಿಂದಿತ್ತು. ತೀರಿಕೊಳ್ಳುವುದಕ್ಕೆ ಮೂರು ವರ್ಷ ಮುಂಚಿನದು, ಯಾವುದೋ ಜ್ವರದ್ದು. ಪ್ಲೇಟ್‌ಲೆಟ್ 71,000 ಅಂತ ಇತ್ತು. ಪಕ್ಕದಲ್ಲಿ ಯಾರೋ ಪೆನ್ನಿನಲ್ಲಿ 'ಪಪ್ಪಾಯಿ ಎಲೆ, 5 ದಿನ' ಅಂತ ಬರೆದಿದ್ದರು. ಹೆಪಟೈಟಿಸ್ ಪರೀಕ್ಷೆಯ ಸಾಲು ಆ ಚೀಟಿಯಲ್ಲಿ ಇರಲಿಲ್ಲ. ಅದನ್ನು ಚಿಕ್ಕಪ್ಪನ ಫೈಲಿಗೇ ಸೇರಿಸಿ ಪಿನ್ ಮಾಡಿಟ್ಟಿದ್ದೇನೆ.